ರೋಗಿಯ ಮಾತಿಗೂ ಒಂದು ಸ್ಥಾನ

"ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ" ಎಂಬ ಗಾದೆಯನ್ನು ಕೇಳದವರಿಲ್ಲ. ಇಬ್ಬರ ಇಚ್ಛೆಯೂ ಒಂದೇ ಆದಾಗ ಎಲ್ಲವೂ ಸುಗಮ. ಆದರೆ ವೈದ್ಯರು ಹೇಳುವುದು ಹಾಲು ಅನ್ನವಾಗಿರದೆ ಶಸ್ತ್ರಚಿಕಿತ್ಸೆಯಾದಾಗ, ಅಥವಾ ಇನ್ನು ಮಾಡತಕ್ಕದ್ದೇನೂ ಉಳಿದಿಲ್ಲವೆಂಬ ಮಾತೇ ಆದಾಗ, ನಿರ್ಧಾರ ಮಾಡಬೇಕಾದವರು ಯಾರು? ವೈದ್ಯರೆ? ಮನೆಯ ಹಿರಿಯರೆ? ಹಾಸಿಗೆಯ ಮೇಲೆ ಮಲಗಿರುವ ರೋಗಿಯೆ? ಗಾದೆಯು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಕಲಾ ವಿಭಾಗದ ವಿದ್ಯಾರ್ಥಿನಿಗೆ ವೈದ್ಯರ ವಿಚಾರದ ಗೊಡವೆ ಏಕೆಂದು ಓದುಗರು ಕೇಳಬಹುದು. ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದವರು ಬಹುಮಂದಿ ಇದ್ದಾರೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಿದ್ದರೆ, ಆಸ್ಪತ್ರೆಯ ಬಾಗಿಲಲ್ಲಿ ಹಿರಿಯರು ನಮ್ಮನ್ನೇ ಮುಂದೆ ಮಾಡುತ್ತಾರೆ. "ನೀನು ಓದಿದವಳು, ನೀನೇ ಕೇಳಮ್ಮ" ಎನ್ನುತ್ತಾರೆ. ವೈದ್ಯರ ಮಾತನ್ನು ಮನೆಗೂ ಮನೆಯ ಮಾತನ್ನು ವೈದ್ಯರಿಗೂ ಮುಟ್ಟಿಸುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಇದನ್ನು ಹೇಗೆ ಮಾಡಬೇಕೆಂದು ಯಾವ ಪಠ್ಯಪುಸ್ತಕವೂ ನಮಗೆ ಕಲಿಸಿಲ್ಲ. ಆದ್ದರಿಂದಲೇ ಈ ವಿಷಯವನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಿಕಿತ್ಸೆಯ ನಿರ್ಧಾರವು ವೈದ್ಯರು, ಮನೆಯವರು, ರೋಗಿ ಈ ಮೂವರೂ ಕೂಡಿ ಮಾಡಬೇಕಾದದ್ದು. ಆದರೆ ರೋಗಿಗೆ ಎಚ್ಚರವೂ ಬುದ್ಧಿಯೂ ಸ್ವಾಧೀನದಲ್ಲಿರುವವರೆಗೆ ಮೊದಲ ಮಾತೂ ಕೊನೆಯ ಮಾತೂ ಅವನದಾಗಿರಬೇಕು. ಮನೆಯವರು ಅವನ ಜೊತೆಯಲ್ಲಿರಬೇಕು. ಅವನ ಜಾಗದಲ್ಲಿ ನಿಲ್ಲಬಾರದು.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಯೋಚಿಸದೆ ಇರಲಿಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಶುಶ್ರೂಷೆ ಮಾಡುವವನು ಮತ್ತು ರೋಗಿ. ರೋಗಿಗಿರಬೇಕಾದ ಗುಣಗಳು ನೆನಪು, ವೈದ್ಯನ ಮಾತಿನಂತೆ ನಡೆಯುವುದು, ಧೈರ್ಯ, ತನ್ನ ಕಾಯಿಲೆಯನ್ನು ವಿವರಿಸಿ ಹೇಳುವ ಶಕ್ತಿ ಎಂದು ಅಲ್ಲಿ ಎಣಿಸಿದೆ. ಅಂದರೆ ರೋಗಿಯು ಮಾತನಾಡಬೇಕೆಂಬುದು ಚರಕನಿಗೂ ಒಪ್ಪಿಗೆ. ಅದೇ ಗ್ರಂಥದಲ್ಲಿ ಉದರರೋಗದ ಚಿಕಿತ್ಸೆಯನ್ನು ಹೇಳುವಾಗ ಇನ್ನೂ ಸ್ವಾರಸ್ಯವಾದ ಮಾತು ಬರುತ್ತದೆ. ಬೇರೆ ಯಾವ ಉಪಾಯವೂ ನಡೆಯದೆ, ಕೊನೆಯ ಪ್ರಯತ್ನವಾಗಿ ವಿಷವನ್ನೇ ಔಷಧವಾಗಿ ಕೊಡಬೇಕಾಗಿ ಬಂದರೆ, ವೈದ್ಯನು ಬಂಧುಗಳು, ಮಿತ್ರರು, ಪತ್ನಿ, ರಾಜ, ಗುರು ಮೊದಲಾದವರನ್ನು ಕರೆದು, ಚಿಕಿತ್ಸೆ ಕೊಡದಿದ್ದರೆ ಸಾವು ನಿಶ್ಚಯ, ಕೊಟ್ಟರೂ ಬದುಕುವುದು ಸಂಶಯ ಎಂದು ಸ್ಪಷ್ಟವಾಗಿ ತಿಳಿಸಿ, ಅವರ ಒಪ್ಪಿಗೆ ಪಡೆದು ಮುಂದುವರಿಯಬೇಕೆಂದು ಅಲ್ಲಿ ವಿಧಿಸಿದೆ. ಸಂಶಯವನ್ನು ಮರೆಮಾಚದೆ ಹೇಳಬೇಕೆಂಬ ಈ ನಿಯಮವು ಎಷ್ಟು ಪ್ರಾಮಾಣಿಕವಾದದ್ದು! ಆದರೂ ಒಂದು ಕೊರತೆ ಕಾಣುತ್ತದೆ. ಕರೆಯಬೇಕಾದವರ ಆ ಪಟ್ಟಿಯಲ್ಲಿ ಬಂಧುಗಳಿದ್ದಾರೆ, ರಾಜನೂ ಇದ್ದಾನೆ. ವಿಷವನ್ನು ಕುಡಿಯಬೇಕಾದ ರೋಗಿಯ ಹೆಸರು ಮಾತ್ರ ಬೇರೆಯಾಗಿ ಬರುವುದಿಲ್ಲ.

ಆ ಪಟ್ಟಿ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆಯೆಂದು ನನಗೆ ತೋರುತ್ತದೆ. ವಾರ್ಡಿನ ಹೊರಗಿನ ಮೊಗಸಾಲೆಯನ್ನು ನೋಡಿದವರಿಗೆ ಇದು ತಿಳಿದ ಸಂಗತಿ. ವೈದ್ಯರು ಹೊರಗೆ ಬರುತ್ತಾರೆ. "ಇವರ ಕಡೆಯವರು ಯಾರು?" ಎಂದು ಕೇಳುತ್ತಾರೆ. ನಾಲ್ಕು ಜನ ಸುತ್ತ ನಿಲ್ಲುತ್ತಾರೆ. ಮಾತು ತಗ್ಗಿದ ದನಿಯಲ್ಲಿ ನಡೆಯುತ್ತದೆ. ಅವರು ಒಳಗೆ ಹೋಗುವಾಗ ಮುಖ ಒರೆಸಿಕೊಂಡು, ನಗು ತಂದುಕೊಂಡು, "ಏನೂ ಇಲ್ಲ, ಎರಡು ದಿನದಲ್ಲಿ ಮನೆಗೆ ಹೋಗಬಹುದಂತೆ" ಎನ್ನುತ್ತಾರೆ. ಒಳಗಿರುವವನು ಅವರ ಮುಖವನ್ನೇ ನೋಡುತ್ತಾನೆ. ಅವನಿಗೆ ಗೊತ್ತಾಗಿರುತ್ತದೆ; ತನಗೆ ಗೊತ್ತಾಗಿದೆಯೆಂದು ಹೇಳಲು ಅವನಿಗೂ ಬಾಯಿ ಬರುವುದಿಲ್ಲ. ಒಬ್ಬರನ್ನೊಬ್ಬರು ಕಾಪಾಡುವ ಭರದಲ್ಲಿ ಮನೆಯ ಮಂದಿಯೆಲ್ಲ ಬೇರೆ ಬೇರೆಯಾಗುತ್ತಾರೆ.

ನಮ್ಮ ಮನೆಯ ಸಂಗತಿಯೊಂದನ್ನು ಇಲ್ಲಿ ಹೇಳಬೇಕಾಗಿದೆ. ಕಳೆದ ವರ್ಷ ಮುಂಗಾರಿನ ಹೊತ್ತಿಗೆ ನಮ್ಮ ತಂದೆಯವರ ಬಲಗಾಲಿನ ಎರಡು ಬೆರಳು ಕಪ್ಪಾದವು. ಅವರಿಗೆ ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇತ್ತು. ಅದು ಕಾಲಿನ ನರಗಳ ಅರಿವನ್ನು ಕುಂದಿಸುತ್ತದೆ, ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಹೀಗಾಗಿ ಹೊಲದಲ್ಲಿ ಚುಚ್ಚಿದ ಮುಳ್ಳು ನೋಯಲಿಲ್ಲ. ಗಾಯ ಮಾಯಲೂ ಇಲ್ಲ. ಆಸ್ಪತ್ರೆಯ ಶಸ್ತ್ರವೈದ್ಯರು ಚಿಕ್ಕಪ್ಪನವರನ್ನೂ ನನ್ನನ್ನೂ ಹೊರಗೆ ಕರೆದು ಎರಡು ದಾರಿಗಳಿವೆಯೆಂದರು. ಬೆರಳುಗಳನ್ನೂ ಕೊಳೆತ ಭಾಗವನ್ನೂ ತೆಗೆದು ಕಾದು ನೋಡಬಹುದು. ಆದರೆ ಗಾಯ ಮಾಯದೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಹೆಚ್ಚು. ಇಲ್ಲವಾದರೆ ಮೊಣಕಾಲಿನ ಕೆಳಗೆ ಒಮ್ಮೆಗೇ ತೆಗೆದುಬಿಡಬಹುದು. "ಯೋಚಿಸಿ ಹೇಳಿ" ಎಂದು ಅವರು ಮುಂದಿನ ರೋಗಿಯ ಕಡೆಗೆ ಹೋದರು. ಅವರಿಗಾಗಿ ಕಾದಿದ್ದವರ ಸಾಲು ಬಾಗಿಲನ್ನು ದಾಟಿ ಹೊರಗೆ ಬಂದಿತ್ತು.

ಮೊಗಸಾಲೆಯಲ್ಲಿ ನಮ್ಮ ಮನೆಯ ಪಂಚಾಯಿತಿ ಸೇರಿತು. ಒಂದೇ ಸಲ ಮುಗಿದುಹೋಗಲಿ ಎಂದರು ಚಿಕ್ಕಪ್ಪ. ನಾಟಿ ವೈದ್ಯರಿಗೆ ತೋರಿಸೋಣವೆಂದರು ಸೋದರತ್ತೆ. ತಾಯಿಯವರು ಅಳುತ್ತಿದ್ದರು. ಕಚೇರಿಯವರು ಕೊಟ್ಟ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಓದಿ ಅರ್ಥ ಹೇಳಿದವಳು ನಾನು. ಸಹಿ ಹಾಕುವ ಹೊತ್ತಿಗೆ ಗುಮಾಸ್ತರು, "ಗಂಡಸರು ಯಾರಾದರೂ ಹಾಕಲಿ" ಎಂದರು. ಚಿಕ್ಕಪ್ಪ ಸಹಿ ಹಾಕಿದರು. ಯಾರ ಕಾಲಿನ ಮಾತು ನಡೆಯುತ್ತಿತ್ತೋ ಅವರು ಹತ್ತು ಮಾರು ದೂರದಲ್ಲಿ, ಪೂರ್ಣ ಎಚ್ಚರದಲ್ಲಿ, ಗೋಡೆ ನೋಡುತ್ತಾ ಮಲಗಿದ್ದರು. ಅವರಿಗೆ ತಮ್ಮ ಹೆಸರು ಬರೆಯಲು ಬರುತ್ತದೆ.

ಪತ್ರವನ್ನು ತೆಗೆದುಕೊಳ್ಳಲು ಬಂದ ಹೌಸ್ ಸರ್ಜನ್ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಾದ ಒಬ್ಬ ಹುಡುಗಿ. ಅವರು ಸಹಿಯನ್ನು ನೋಡಿ, "ರೋಗಿ ಎಚ್ಚರವಾಗಿದ್ದಾರಲ್ಲ, ಅವರ ಸಹಿ ಎಲ್ಲಿ?" ಎಂದು ಕೇಳಿ, ನಮ್ಮನ್ನೆಲ್ಲ ತಂದೆಯವರ ಮಂಚದ ಹತ್ತಿರಕ್ಕೆ ಕರೆದುಕೊಂಡು ಹೋದರು. ಎಕ್ಸ್-ರೇ ಲಕೋಟೆಯ ಹಿಂಬದಿಯಲ್ಲಿ ಒಂದು ಪಾದದ ಚಿತ್ರ ಬರೆದು, ಇಲ್ಲಿ ಕತ್ತರಿಸಿದರೆ ಹೀಗೆ, ಅಲ್ಲಿ ಕತ್ತರಿಸಿದರೆ ಹಾಗೆ ಎಂದು ಕನ್ನಡದಲ್ಲಿ ವಿವರಿಸಿದರು. ತಂದೆಯವರು ಕೇಳಿದ ಮೊದಲ ಪ್ರಶ್ನೆ, "ಬೆರಳು ತೆಗೆದ್ರೆ ಮತ್ತೆ ಬದು ಹತ್ತಬಹುದಾ?" ಎಂಬುದು. ಎರಡನೆಯದು, "ಕಾದು ನೋಡೋದ್ರೊಳಗೆ ವಿಷ ಮೇಲಕ್ಕೇರಿ ಜೀವಕ್ಕೆ ಬರುತ್ತಾ?" ಎಂಬುದು. ಮೊಗಸಾಲೆಯಲ್ಲಿ ಒಂದು ಗಂಟೆ ಚರ್ಚಿಸಿದ ನಮ್ಮಲ್ಲಿ ಒಬ್ಬರಿಗೂ ಈ ಎರಡು ಪ್ರಶ್ನೆಗಳು ಹೊಳೆದಿರಲಿಲ್ಲ. ಮೂರನೆಯದಾಗಿ ಅವರು ಪ್ರಶ್ನೆ ಕೇಳಲಿಲ್ಲ, ನನ್ನ ಕಡೆ ನೋಡಿ, "ಖರ್ಚಿಗೆ ಅಂತ ಇವಳ ಓದು ನಿಲ್ಲಬಾರ್ದು. ಹಂಗಾಗೋದಾದ್ರೆ ಏನೂ ಮಾಡೋದು ಬ್ಯಾಡ" ಎಂದರು.

ಆ ವೈದ್ಯೆ ಈ ಮಾತನ್ನೇ ನಿರ್ಧಾರವೆಂದು ಬರೆದುಕೊಂಡು ಹೋಗಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ವೆಚ್ಚ ಭರಿಸುವ, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯನ್ನು ವಿವರಿಸಿ, ನಮ್ಮ ಪಡಿತರ ಚೀಟಿಯನ್ನು ತರಿಸಿ ನೋಡಿ, ಹಣದ ಭಯ ಕಳೆದ ಮೇಲೆ ಮತ್ತೊಮ್ಮೆ ಅದೇ ಪ್ರಶ್ನೆಯನ್ನು ಕೇಳಿದರು. ಆಗ ತಂದೆಯವರು, "ಮೊದ್ಲು ಬೆರಳು ತೆಗೀರಿ. ಆಗದಿದ್ರೆ ಆಮೇಲೆ ಕಾಲು" ಎಂದರು.

ಮೂರು ತಿಂಗಳ ಮೇಲೆ ಕಾಲನ್ನೂ ತೆಗೆಯಬೇಕಾಯಿತು. ಈಗ ಅವರು ಕೃತಕ ಕಾಲಿನಲ್ಲಿ ನಡೆಯುತ್ತಾರೆ. ಹೊಲವನ್ನು ಚಿಕ್ಕಪ್ಪ ವಾರಕ್ಕೆ ಮಾಡುತ್ತಿದ್ದಾರೆ. ಊರಿನವರು, "ಮೊದಲೇ ದೊಡ್ಡ ಆಪರೇಷನ್ ಮಾಡಿಸಬಾರದಾಗಿತ್ತೆ? ಡಾಕ್ಟರು ಹೇಳಲಿಲ್ಲವೆ?" ಎಂದು ಕೇಳುವುದುಂಟು. "ಅವ್ರು ಹೇಳಿದ್ರು. ನಾನೇ ನೋಡೋಣ ಅಂದೆ" ಎನ್ನುತ್ತಾರೆ ತಂದೆಯವರು. ಆ ಮೂರು ತಿಂಗಳಲ್ಲಿ ಅವರು ಕೋಲೂರಿಕೊಂಡು ಒಂದು ಸಲ ಹೊಲದವರೆಗೆ ಹೋಗಿ ಬಂದಿದ್ದರು. ಅವರ ನಿರ್ಧಾರ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ನನ್ನ ಉದ್ದೇಶವಲ್ಲ. ಕಾಲು ಹೋದುದಕ್ಕೆ ಅವರು ಯಾರನ್ನೂ ದೂರುವುದಿಲ್ಲವೆಂಬುದನ್ನು ಮಾತ್ರ ಇಲ್ಲಿ ಹೇಳಬಯಸುತ್ತೇನೆ.

ಈ ಘಟನೆಯಿಂದ ನನಗೆ ತಿಳಿದುಬಂದದ್ದು ಇಷ್ಟು. ರೋಗದ ಜ್ಞಾನ ವೈದ್ಯರದು. ಯಾವ ದಾರಿಯಲ್ಲಿ ಎಷ್ಟು ಅಪಾಯ, ಎಷ್ಟು ಆಸೆ ಎಂದು ಅವರೇ ಹೇಳಬೇಕು. ಹೊರೆಯ ಜ್ಞಾನ ಮನೆಯವರದು. ರಾತ್ರಿ ಯಾರು ಕಾಯಬೇಕು, ಹಣ ಎಲ್ಲಿಂದ ಬರಬೇಕು, ಗಾಯ ಯಾರು ತೊಳೆಯಬೇಕು ಎಂಬುದು ಅವರಿಗೆ ಗೊತ್ತು. ಬದುಕಿನ ಜ್ಞಾನ ರೋಗಿಯದು. ಯಾವುದು ಹೋದರೂ ಸಹಿಸಬಲ್ಲೆ, ಯಾವುದು ಹೋದರೆ ಸಹಿಸಲಾರೆ ಎಂಬುದನ್ನು ಅವನ ಹೊರತು ಬೇರೆ ಯಾರೂ ಹೇಳಲಾರರು. ಇವುಗಳಲ್ಲಿ ಒಂದನ್ನು ಬಿಟ್ಟರೂ ನಿರ್ಧಾರ ಕುಂಟುತ್ತದೆ. "ನೀನೇ ಹೇಳು" ಎಂದು ರೋಗಿಯೊಬ್ಬನ ಮೇಲೆಯೇ ಭಾರ ಹಾಕಿ ದೂರ ನಿಲ್ಲುವುದೂ ಸರಿಯಲ್ಲ. ನಮ್ಮ ತಂದೆಯವರ ಮೊದಲ ಮಾತು ಹಣದ ಭಯ ಆಡಿಸಿದ ಮಾತು. ಆ ಭಯವನ್ನು ಬೇರೆಯವರು ಕಳೆದ ಮೇಲಲ್ಲವೆ ಅವರ ನಿಜವಾದ ಇಚ್ಛೆ ಹೊರಬಂದದ್ದು?

ಇನ್ನು ಕಾನೂನಿನ ಮಾತು. ಪ್ರಾಪ್ತ ವಯಸ್ಕನಾಗಿ ಎಚ್ಚರದಲ್ಲಿರುವ ರೋಗಿಯ ಪರವಾಗಿ ಬಂಧುಗಳು ಸಹಿ ಹಾಕಿದರೆ ಸಾಕೆಂಬ ನಮ್ಮ ರೂಢಿಗೆ ಕಾನೂನಿನ ಆಧಾರವಿಲ್ಲ. ದೆಹಲಿಯಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಕೇವಲ ಪರೀಕ್ಷೆಗಾಗಿ ಅರವಳಿಕೆಗೆ ಒಳಗಾಗಿದ್ದಾಗ, ವೈದ್ಯರು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಿದರು. ಸಮೀರಾ ಕೊಹ್ಲಿ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರ ಜನವರಿಯಲ್ಲಿ ತೀರ್ಪು ಕೊಟ್ಟು, ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆಯಾಗಲಾರದು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು ಎಂದು ಸಾರಿತು. ಚಿಕಿತ್ಸೆಯ ಸ್ವರೂಪ, ಅದರ ಉದ್ದೇಶ ಮತ್ತು ಪ್ರಯೋಜನ, ಬೇರೆ ದಾರಿಗಳು, ಮುಖ್ಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇಷ್ಟನ್ನು ರೋಗಿಗೆ ತಿಳಿಸಿ ಪಡೆದದ್ದೇ ಒಪ್ಪಿಗೆಯೆಂದೂ ಹೇಳಿತು. ಒಪ್ಪಿಗೆಯನ್ನು ಕಾಯಲು ಸಮಯವಿಲ್ಲದಂತೆ ಜೀವಕ್ಕೆ ಅಪಾಯ ಒದಗಿದಾಗ ಮಾತ್ರ ಈ ನಿಯಮಕ್ಕೆ ವಿನಾಯಿತಿ. ಅಂಥ ತುರ್ತಿನಲ್ಲಿ ಚಿಕಿತ್ಸೆ ಕೊಡುವುದು ವೈದ್ಯರ ಕರ್ತವ್ಯವೆಂದು ಅದೇ ನ್ಯಾಯಾಲಯ 1989ರಲ್ಲೇ ಹೇಳಿದೆ.

ಹೆಂಗಸರ ವಿಷಯದಲ್ಲಿ ರೂಢಿಗೂ ಕಾನೂನಿಗೂ ಇರುವ ಅಂತರ ಇನ್ನೂ ದೊಡ್ಡದು. 1971ರ ಗರ್ಭಪಾತದ ಕಾಯಿದೆಯ ಪ್ರಕಾರ ಪ್ರಾಪ್ತ ವಯಸ್ಕಳಾದ ಸ್ವಸ್ಥಚಿತ್ತದ ಸ್ತ್ರೀಯ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಬೇಕೆಂದು ಅದರಲ್ಲಿಲ್ಲ. ಅರ್ಧ ಶತಮಾನ ಕಳೆದಿದ್ದರೂ "ಯಜಮಾನರು ಬಂದಿದ್ದಾರೆಯೆ?" ಎಂಬ ಪ್ರಶ್ನೆ ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. ತನ್ನ ಮೈಯ ಮೇಲಿನ ಶಸ್ತ್ರಚಿಕಿತ್ಸೆಯ ಸಂಗತಿಯನ್ನು ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ತಿಳಿಯುವವಳು ಹೆಂಗಸು. ನಮ್ಮ ತರಗತಿಯ ಗೆಳತಿಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ನಾನು ಹೇಳಿದ್ದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ಬಲ್ಲೆ. ರೋಗಿಗೆ ನಿಜ ಹೇಳಿದರೆ ಎದೆಯೊಡೆದು ಇನ್ನೂ ಬೇಗ ಹೋಗಿಬಿಡುತ್ತಾನೆ ಎನ್ನುತ್ತಾರೆ. ಮುಚ್ಚಿಡುವವರ ಪ್ರೀತಿಯನ್ನು ನಾನು ಸಂಶಯಿಸುವುದಿಲ್ಲ. ಆದರೆ ನಿಜವನ್ನು ತಲೆಯ ಮೇಲೆ ಒಮ್ಮೆಗೇ ಸುರಿಯಬೇಕೆಂದು ಯಾರೂ ಹೇಳುತ್ತಿಲ್ಲ. "ನಿಮ್ಮ ಕಾಯಿಲೆಯ ವಿಚಾರ ಎಷ್ಟು ತಿಳಿಯಬಯಸುತ್ತೀರಿ? ಯಾರ ಎದುರಿಗೆ ಹೇಳಲಿ?" ಎಂದು ಮೊದಲು ಕೇಳಬಹುದಲ್ಲವೆ? "ನನಗೇನೂ ಹೇಳಬೇಡಿ, ಎಲ್ಲ ನನ್ನ ಮಗನಿಗೆ ಗೊತ್ತು" ಎಂದು ಒಬ್ಬ ಅಜ್ಜಿ ಹೇಳಿದರೆ ಅದೂ ಅವರ ನಿರ್ಧಾರವೇ, ಅದನ್ನು ಗೌರವಿಸಬೇಕು. ಕೇಳದೆಯೇ ಆ ಅಧಿಕಾರವನ್ನು ಮಗ ವಹಿಸಿಕೊಳ್ಳುವುದು ಬೇರೆ ಮಾತು. ಬಡವರಿಗೆ ಮಗಳ ಮದುವೆ, ಸಾಲ, ಜಮೀನಿನ ಪತ್ರ ಎಂದು ಮುಗಿಸಬೇಕಾದ ಕೆಲಸಗಳಿರುತ್ತವೆ. ಉಳಿದಿರುವ ಕಾಲ ಎಷ್ಟೆಂದು ತಿಳಿಯದೆ ಅವನ್ನು ಮುಗಿಸುವುದು ಹೇಗೆ?

ಎರಡನೆಯ ಆಕ್ಷೇಪಣೆ ವೈದ್ಯರದು. ಒಂದು ಬೆಳಿಗ್ಗೆ ಹೊರರೋಗಿ ವಿಭಾಗದಲ್ಲಿ ನೂರಾರು ಜನರನ್ನು ನೋಡಬೇಕಾದವರು ಒಬ್ಬೊಬ್ಬರ ಬಳಿಯೂ ಅರ್ಧ ಗಂಟೆ ಕುಳಿತು ಮಾತನಾಡುವುದು ಹೇಗೆ? ಇದು ನ್ಯಾಯವಾದ ಮಾತು. ಆದರೆ ಎಲ್ಲ ಕಾಯಿಲೆಗೂ ಅಷ್ಟು ಮಾತು ಬೇಕಿಲ್ಲ. ಜ್ವರಕ್ಕೆ ಎರಡು ಮಾತು ಸಾಕು. ಒಂದು ಅಂಗ ಹೋಗುವಾಗ, ಒಂದು ಜೀವ ಹೋಗುವಾಗ ಹದಿನೈದು ನಿಮಿಷ ಬೇಕು. ಆ ಹದಿನೈದು ನಿಮಿಷವು ವೈದ್ಯರನ್ನೂ ಕಾಪಾಡುತ್ತದೆ. ಆಸ್ಪತ್ರೆಗಳಲ್ಲಿ ವೈದ್ಯರ ಮೇಲೆ ಕೈಮಾಡುವ ಹೇಯ ಕೃತ್ಯಗಳನ್ನು ತಡೆಯಲು ಕರ್ನಾಟಕವು 2009ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಅಂಥ ಕೃತ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಏನು ನಡೆಯುತ್ತಿದೆಯೆಂದು ತಿಳಿಯದವರ ಮನಸ್ಸಿನಲ್ಲಿ ಸಂಶಯ ಬೇಗ ಬೆಳೆಯುತ್ತದೆಂಬುದೂ ಸುಳ್ಳಲ್ಲ. ರೋಗದ ತೀವ್ರತೆಯನ್ನು ಹಿಗ್ಗಿಸದೆ ಕುಗ್ಗಿಸದೆ ತಿಳಿಸಬೇಕೆಂದೂ, ಕೇಳಿದ 72 ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆಗಳನ್ನು ಕೊಡಬೇಕೆಂದೂ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳು ಹೇಳುತ್ತವೆ. ಇದನ್ನು ನಮ್ಮ ಹಳ್ಳಿಗಳಲ್ಲಿ ಬಲ್ಲವರು ಎಷ್ಟು ಮಂದಿ?

ಮಾತನಾಡುವ ಶಕ್ತಿಯನ್ನೇ ರೋಗಿ ಕಳೆದುಕೊಂಡಾಗ ಏನು ಮಾಡಬೇಕು? ಈ ಪ್ರಶ್ನೆಯನ್ನು ದೇಶದ ಮುಂದಿಟ್ಟವರು ನಮ್ಮ ನಾಡಿನ ಮಗಳೇ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಗ, 1973ರ ನವೆಂಬರಿನಲ್ಲಿ ಕ್ರೂರ ಹಲ್ಲೆಗೆ ತುತ್ತಾಗಿ ಅರಿವನ್ನು ಕಳೆದುಕೊಂಡರು. ಅವರನ್ನು ಹೀಗೆ ಬದುಕಿಸಿಡಬೇಕೆ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ, ಅವರ ಪರವಾಗಿ ಮಾತನಾಡತಕ್ಕವರು ಇಷ್ಟು ವರ್ಷ ಅವರನ್ನು ಮಗುವಿನಂತೆ ನೋಡಿಕೊಂಡ ಆ ಆಸ್ಪತ್ರೆಯವರೇ ಎಂದು 2011ರ ಮಾರ್ಚಿನಲ್ಲಿ ನ್ಯಾಯಾಲಯ ಹೇಳಿತು. ಅವರು ಬದುಕಲಿ ಎಂದೇ ದಾದಿಯರು ಬಯಸಿದ್ದರು. ಅರುಣಾ 2015ರ ಮೇ 18ರಂದು ತೀರಿಕೊಂಡರು. ರಕ್ತಸಂಬಂಧದಷ್ಟೇ ಶುಶ್ರೂಷೆಯೂ ಒಂದು ಸಂಬಂಧವೆಂಬುದನ್ನು ಈ ತೀರ್ಪು ಎತ್ತಿಹಿಡಿಯಿತು. ಆದರೆ ಅರುಣಾ ಸ್ವತಃ ಏನು ಬಯಸುತ್ತಿದ್ದರೆಂಬುದು ಯಾರಿಗೂ ತಿಳಿಯಲಿಲ್ಲ.

ಆ ಕೊರತೆಯನ್ನು ತುಂಬುವಂತೆ 2018ರ ಮಾರ್ಚ್ 9ರ ತೀರ್ಪು ಬಂದಿತು. ಗುಣವಾಗುವ ಆಸೆಯಿಲ್ಲದ ಸ್ಥಿತಿ ಬಂದರೆ ತನಗೆ ಯಂತ್ರಗಳ ನೆರವು ಬೇಕೋ ಬೇಡವೋ, ಆಗ ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಮೊದಲೇ ಬರೆದಿಡುವ ಹಕ್ಕು ಪ್ರಾಪ್ತ ವಯಸ್ಕರಿಗುಂಟೆಂದು ಅದು ಹೇಳಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳ ಎದುರಿಗೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದಾಯಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಇದನ್ನು ಜಾರಿಗೆ ತರುವ ಆದೇಶವನ್ನೂ ಹೊರಡಿಸಿತು. ಪತ್ರ ಬರೆಯುವುದು ಎಲ್ಲರಿಗೂ ಆಗದಿರಬಹುದು. ಆದರೆ ಊಟವಾದ ಮೇಲೆ ಜಗಲಿಯ ಮೇಲೆ ಕುಳಿತಾಗ ಹಿರಿಯರನ್ನು, "ನಿಮಗೆ ಏನಾದರೂ ಆದರೆ ನಾವು ಏನು ಮಾಡಬೇಕು?" ಎಂದು ಕೇಳುವುದು ಅಸಾಧ್ಯವಲ್ಲ. ಅದು ಅಪಶಕುನದ ಮಾತೂ ಅಲ್ಲ.

ಕೊನೆಯದಾಗಿ ಕೆಲವು ಸಲಹೆಗಳು. ಒಪ್ಪಿಗೆ ಪತ್ರಗಳು ಸರಳವಾದ ಕನ್ನಡದಲ್ಲಿರಬೇಕು. ತುರ್ತು ಇಲ್ಲದಿದ್ದಲ್ಲಿ ಅವನ್ನು ಹಿಂದಿನ ದಿನವೇ ಕೊಟ್ಟು ಓದಲು ಬಿಡಬೇಕು. ಮನೆಯವರ ಚರ್ಚೆ ಮೊಗಸಾಲೆಯಿಂದ ಮಂಚದ ಪಕ್ಕಕ್ಕೆ ಬರಬೇಕು. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಘಟಕವು ಪ್ರತಿವರ್ಷ ಶಿಬಿರ ನಡೆಸಿ ರಸ್ತೆ ಗುಡಿಸುತ್ತದೆ, ಗಿಡ ನೆಡುತ್ತದೆ, ಒಳ್ಳೆಯ ಕೆಲಸ. ಅದರ ಜೊತೆಗೆ ವಾರಕ್ಕೊಂದು ದಿನ ನಾಲ್ವರು ವಿದ್ಯಾರ್ಥಿಗಳು ಸರ್ಕಾರಿ ಆಸ್ಪತ್ರೆಯಲ್ಲಿ ಕುಳಿತು, ಓದಲು ಬಾರದವರಿಗೆ ಚೀಟಿ ಪತ್ರಗಳನ್ನು ಓದಿ ಹೇಳಬಾರದೇಕೆ? ಕನ್ನಡ ಮತ್ತು ಇಂಗ್ಲಿಷ್ ವಿಭಾಗಗಳ ಗುರುಗಳು ಮನಸ್ಸು ಮಾಡಿದರೆ, ಆಸ್ಪತ್ರೆಯ ವೈದ್ಯರ ನೆರವಿನಿಂದ ಹತ್ತಾರು ಒಪ್ಪಿಗೆ ಪತ್ರಗಳನ್ನು ಒಂದು ಬೇಸಿಗೆ ರಜೆಯಲ್ಲಿ ಕನ್ನಡಕ್ಕೆ ತಂದುಬಿಡಬಹುದು.

ಮನೆಯಲ್ಲಿ ಮೊದಲು ಓದಿದವರಿಗೆ ಒಂದು ಅಧಿಕಾರ ತಾನಾಗಿ ಬಂದುಬಿಡುತ್ತದೆ. ವೈದ್ಯರು ಹೇಳಿದ್ದರಲ್ಲಿ ಅರ್ಧ ಹೇಳಿ ಅರ್ಧ ನುಂಗಿದರೂ ನಮ್ಮನ್ನು ಕೇಳುವವರಿಲ್ಲ. ಅಂಥ ಹೊತ್ತಿನಲ್ಲಿ ಕೇಳಿದ್ದನ್ನು ಇದ್ದಂತೆ, ಆದರೆ ಮೆಲ್ಲಗೆ, ತಿಳಿಯಬೇಕಾದವರಿಗೆ ತಿಳಿಸಿ, ಅವರ ಉತ್ತರಕ್ಕಾಗಿ ಕಾಯುವುದೇ ನಾವು ಪಡೆದ ವಿದ್ಯೆಗೆ ತಕ್ಕ ನಡತೆ. ಈ ವಿಷಯದಲ್ಲಿ ಸಹಪಾಠಿಗಳೂ ಗುರುಗಳೂ ಯೋಚಿಸಬೇಕೆಂದು ಪ್ರಾರ್ಥಿಸುತ್ತೇನೆ.